ಕೆಂಪು ಟೋಪಿಯ ಊರು ಮಾಹೆ

ಒಂಬತ್ತು ಚದರ ಕಿಲೋಮೀಟರ್ ನೆಲ. ಸುತ್ತ ಕೇರಳ, ಎದುರಿಗೆ ಅರಬ್ಬೀ ಸಮುದ್ರ. ಆಡುವ ಮಾತು ಮಲಯಾಳ, ಆಡಳಿತ ಪುದುಚೇರಿಯದು, ಪೊಲೀಸರ ಟೋಪಿ ಫ್ರಾನ್ಸಿನದು. ಈ ಪುಟ್ಟ ಬಂದರು ಇಂಗ್ಲಿಷರ ಪಾಲಾಯಿತೆಂದು ಹೈದರಾಲಿ ಯುದ್ಧಕ್ಕೇ ಇಳಿದಿದ್ದ. ದಸರಾ ರಜೆಗೆ ಕರಾವಳಿಯ ದಾರಿ ಹಿಡಿಯುವ ಸವದತ್ತಿ ಸೀಮೆಯವರು ಮಂಗಳೂರಿನಿಂದಲೇ ತಿರುಗಿ ಬರಬೇಕಿಲ್ಲ.

ಅಕ್ಟೋಬರ್ 14ರ ರಾತ್ರಿ ಮಾಹೆಯಲ್ಲಿ ಯಾರೂ ಬೇಗ ಮಲಗುವುದಿಲ್ಲ. ಸಂತ ತೆರೇಸಾಳ ಮೂರ್ತಿ ಹೊತ್ತ ರಥ ಇಗರ್ಜಿಯಿಂದ ಹೊರಟು ಪೇಟೆಬೀದಿಗೆ ಇಳಿಯುತ್ತದೆ. ಮುಂದೆ ವಾದ್ಯ, ಹಿಂದೆ ಮೇಣದಬತ್ತಿ ಹಿಡಿದ ಜನ. ಮಲ್ಲಿಗೆ, ಚೆಂಡುಹೂವಿನ ಮಾಲೆಗಳು ಒಂದರ ಮೇಲೊಂದು ಬಿದ್ದು ಮೂರ್ತಿಯ ಮುಖವಷ್ಟೇ ಕಾಣುತ್ತಿರುತ್ತದೆ. ಮಾಲೆ ಕೊಟ್ಟವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಯಾರು ಯಾವ ಜಾತಿ ಎಂದು ಕೇಳುವ ಪದ್ಧತಿ ಆ ಸಾಲಿನಲ್ಲಿಲ್ಲ.

ಬೆಳಗಿನ ಜಾವಕ್ಕೆ ಇನ್ನೊಂದು ನೋಟ. ಹರಕೆ ಹೊತ್ತವರು ಇಗರ್ಜಿಯ ಸುತ್ತ ನೆಲದ ಮೇಲೆ ಉರುಳುತ್ತ ಸೇವೆ ಸಲ್ಲಿಸುತ್ತಾರೆ. ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆಯ ದಿನ ದೀಡ ನಮಸ್ಕಾರ ಹಾಕುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಉಧೋ ಉಧೋ ಇಲ್ಲ, ಭಂಡಾರವಿಲ್ಲ. ಹರಕೆ ಮಾತ್ರ ಅದೇ.

ಈ ಜಾತ್ರೆ ಅಕ್ಟೋಬರ್ 5ಕ್ಕೆ ಆರಂಭವಾಗಿ 22ರವರೆಗೆ ಹದಿನೆಂಟು ದಿನ ನಡೆಯುತ್ತದೆ. ವರ್ಷವಿಡೀ ಒಳಕೋಣೆಯಲ್ಲಿರುವ ಮೂರ್ತಿಯನ್ನು ಮೊದಲ ದಿನ ಹೊರಗೆ ತಂದು ದರ್ಶನಕ್ಕಿಡುತ್ತಾರೆ. ಕೊನೆಯ ದಿನ ಮತ್ತೆ ಒಳಗೆ ಒಯ್ಯುತ್ತಾರೆ. ಇಗರ್ಜಿ ಹುಟ್ಟಿದ್ದು 1736ರಲ್ಲಿ, ಕಾರ್ಮೆಲೈಟ್ ಪಂಥದ ಪಾದ್ರಿ ಡೊಮಿನಿಕ್ ಅವರ ಕಾಲಕ್ಕೆ. 2024ರ ಫೆಬ್ರುವರಿಯಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಪದವಿ ಸಂದಿತು. ಮೂರ್ತಿ ಬಂದ ಬಗೆಗೆ ಊರಲ್ಲೊಂದು ಕಥೆಯಿದೆ: ಅದನ್ನು ಹೊತ್ತು ಹೊರಟಿದ್ದ ಹಡಗು ಮಾಹೆಯ ಎದುರಿಗೆ ಬಂದು ನಿಂತುಬಿಟ್ಟಿತು, ಮೂರ್ತಿಯನ್ನು ದಡಕ್ಕಿಳಿಸುವ ತನಕ ಅಲುಗಲಿಲ್ಲ. ದೇವರ ಬಂಡಿ ನಿಂತ ಜಾಗದಲ್ಲೇ ಗುಡಿ ಎದ್ದ ಕಥೆಗಳು ನಮ್ಮ ಕಡೆ ಊರಿಗೊಂದು ಸಿಗುತ್ತವೆ. ಇಲ್ಲಿ ಬಂಡಿಯ ಬದಲು ಹಡಗು.

ಸೇತುವೆಯ ಆಚೆ

ತಲಶ್ಶೇರಿಯಿಂದ ದಕ್ಷಿಣಕ್ಕೆ ಹಳೆಯ ಹೆದ್ದಾರಿಯಲ್ಲಿ ಎಂಟೊಂಬತ್ತು ಕಿಲೋಮೀಟರ್ ಹೋದರೆ ನ್ಯೂ ಮಾಹೆ ಬರುತ್ತದೆ. ಹೆಸರಿನಲ್ಲಿ ಮಾಹೆ ಇದ್ದರೂ ಅದು ಕೇರಳದ ಕಣ್ಣೂರು ಜಿಲ್ಲೆ. ಅಲ್ಲಿಂದ ಒಂದು ಸೇತುವೆ. ಕೆಳಗೆ ವಯನಾಡಿನ ಘಟ್ಟದಿಂದ ಇಳಿದು 54 ಕಿಲೋಮೀಟರ್ ಹರಿದು ಬಂದ ಮಯ್ಯಳಿ ಹೊಳೆ ಕಡಲು ಸೇರುತ್ತಿರುತ್ತದೆ. ಸೇತುವೆ ಇಳಿದರೆ ಪುದುಚೇರಿ ಕೇಂದ್ರಾಡಳಿತ ಪ್ರದೇಶ.

ಗಡಿ ದಾಟಿದ್ದು ಮೊದಲು ಗೊತ್ತಾಗುವುದು ಪೊಲೀಸರ ತಲೆಯಿಂದ. ಮಾಹೆಯ ಪೇದೆ ಹಾಕುವುದು ಕೆಂಪು ‘ಕೆಪಿ’: ಡಬ್ಬಿಯಂತೆ ನೆಟ್ಟಗೆ ನಿಂತ ಗೋಡೆ, ಮೇಲೆ ಚಪ್ಪಟೆ, ಮುಂದೆ ಕಣ್ಣಿಗೆ ನೆರಳು ಕೊಡುವ ಪಟ್ಟಿ. ಫ್ರೆಂಚ್ ಸಿಪಾಯಿಗಳ ಟೋಪಿಯದು. ಫ್ರೆಂಚರು ಹೋಗಿ ಎಪ್ಪತ್ತು ವರ್ಷ ದಾಟಿದರೂ ಪುದುಚೇರಿಯ ಪೊಲೀಸರು ಅದನ್ನು ಬಿಟ್ಟಿಲ್ಲ. ಸೇತುವೆಯ ಆ ತುದಿಯಲ್ಲಿ ನಿಂತ ಕೇರಳದ ಪೇದೆಯೂ ಈ ತುದಿಯ ಪೇದೆಯೂ ಆಡುವ ಮಾತು ಒಂದೇ, ಉಣ್ಣುವ ಮೀನು ಒಂದೇ.

ವಾಹನಗಳ ನಂಬರ್ ಪ್ಲೇಟಿನಲ್ಲಿ ‘ಪಿವೈ 03’. ವಿಧಾನಸಭೆಯ ಶಾಸಕನನ್ನು ಆರಿಸಿ ಕಳಿಸುವುದು ಆರುನೂರು ಕಿಲೋಮೀಟರಿಗೂ ದೂರದ ಪುದುಚೇರಿಗೆ; ಅಲ್ಲಿನ ಮೂವತ್ತು ಚುನಾಯಿತ ಸ್ಥಾನಗಳಲ್ಲಿ ಮಾಹೆಯದು ಒಂದು. ಕೋರ್ಟಿನ ವ್ಯಾಜ್ಯ ಮೇಲಕ್ಕೆ ಹೋದರೆ ಕೊಚ್ಚಿಯ ಹೈಕೋರ್ಟಿಗಲ್ಲ, ಚೆನ್ನೈನ ಹೈಕೋರ್ಟಿಗೆ. ರೈಲು ನಿಲ್ದಾಣದ ಫಲಕದಲ್ಲಿ ಮಾಹೆ ಎಂದಿದ್ದರೂ ನಿಲ್ದಾಣ ನಿಂತ ನೆಲ ಕೇರಳದ ಅಳಿಯೂರಿನದು.

ಊರು ಒಂದೇ ತುಂಡೂ ಅಲ್ಲ. ಸಮುದ್ರದ ಬದಿಗೆ ಮಾಹೆ ಪೇಟೆ; ಒಳನಾಡಿನ ಕಡೆಗೆ ಪಳ್ಳೂರು, ಪಂದಕ್ಕಲ್, ಚಾಲಕ್ಕರ, ಚೆಂಬ್ರ ಎಂಬ ನಾಲ್ಕು ಊರುಗಳ ನಾಲುತರ. ಎರಡರ ನಡುವೆ ಕೇರಳದ ನೆಲ. ಎಲ್ಲ ಸೇರಿ 2011ರ ಜನಗಣತಿಯಲ್ಲಿ 41,816 ಜನ, ಹೆಚ್ಚುಕಡಿಮೆ ಸವದತ್ತಿ ಪಟ್ಟಣದಷ್ಟು.

ಫ್ರೆಂಚ್ ಮಹಲುಗಳ ಸಾಲು ನೋಡಲೆಂದು ಬರುವವರಿಗೆ ಮಾಹೆ ನಿರಾಸೆ ಮಾಡುತ್ತದೆ. ಪುದುಚೇರಿಯ ಹಳದಿ ಗೋಡೆಯ ಬೀದಿಗಳಂಥವು ಇಲ್ಲಿಲ್ಲ. ಇಲ್ಲಿ ಫ್ರಾನ್ಸ್ ಉಳಿದಿರುವುದು ಗೋಡೆಗಳಲ್ಲಿ ಕಡಿಮೆ, ಗಡಿಯಲ್ಲಿ ಹೆಚ್ಚು. ಆ ಗಡಿ ಯಾಕೆ ಹೀಗೆ ಅಂಕುಡೊಂಕಾಗಿ ಬಿತ್ತು ಎನ್ನುವುದೇ ಊರಿನ ಚರಿತ್ರೆ.

ಮೆಣಸಿಗಾಗಿ ಬಂದವರು

ಫ್ರೆಂಚ್ ಕಂಪನಿ ಮಲಬಾರಿನ ಕಡೆ ಕಣ್ಣು ಹಾಕಿದ್ದು ಕರಿಮೆಣಸಿಗಾಗಿ. ಅಷ್ಟರಲ್ಲಿ ಇಂಗ್ಲಿಷರು ತಲಶ್ಶೇರಿಯಲ್ಲಿ ಠಿಕಾಣಿ ಹೂಡಿ, 1708ರಲ್ಲಿ ಕೋಟೆಯನ್ನೂ ಕಟ್ಟಿಕೊಂಡಿದ್ದರು. ಅವರ ಪಕ್ಕದಲ್ಲೇ ಕೂತು ವ್ಯಾಪಾರ ಮಾಡಬೇಕು, ಆದರೆ ನಡುವೆ ಏನಾದರೊಂದು ಅಡ್ಡ ಇರಬೇಕು. ಮಯ್ಯಳಿ ಹೊಳೆ ಆ ಅಡ್ಡವಾಯಿತು.

1721ರಲ್ಲಿ ವಡಗರದ ಸ್ಥಳೀಯ ಅರಸು ಹೊಳೆಯ ದಕ್ಷಿಣ ದಂಡೆಯಲ್ಲಿ ಕೋಠಿ ಕಟ್ಟಲು ಫ್ರೆಂಚರಿಗೆ ಒಪ್ಪಿಗೆ ಕೊಟ್ಟ. ಒಪ್ಪಿಗೆ ಬಹುಕಾಲ ನಿಲ್ಲಲಿಲ್ಲ. ಇಂಗ್ಲಿಷರ ಚಿತಾವಣೆ, ಅರಸನ ಅಸಮಾಧಾನ ಎರಡೂ ಸೇರಿ ಫ್ರೆಂಚರು ಜಾಗ ಬಿಡಬೇಕಾಯಿತು. 1725ರಲ್ಲಿ ಅವರ ಹಡಗುಗಳು ತಿರುಗಿ ಬಂದು ಊರನ್ನು ಹಿಡಿದವು. ಆ ದಂಡಯಾತ್ರೆಯಲ್ಲಿದ್ದ ತರುಣ ಅಧಿಕಾರಿ ಬೆರ್ಟ್ರಾಂ ಫ್ರಾಂಸ್ವಾ ಮಾಹೆ ದ ಲಾಬುರ್ದೊನೆ. ಮುಂದೆ ಈತನೇ ಮಾರಿಷಸ್ಸಿನ ಗವರ್ನರ್ ಆದ, 1746ರಲ್ಲಿ ಇಂಗ್ಲಿಷರಿಂದ ಮದ್ರಾಸನ್ನೇ ಕಿತ್ತುಕೊಂಡ. ಸೇಷೆಲ್ಸ್ ದ್ವೀಪಸ್ತೋಮದ ದೊಡ್ಡ ದ್ವೀಪಕ್ಕೆ ಮಾಹೆ ಎಂಬ ಹೆಸರು ಬಂದದ್ದು ಅವನಿಂದ.

ಮುಂದಿನ ಐವತ್ತು ವರ್ಷ ಈ ಹೊಳೆಯ ಎರಡು ದಂಡೆಗಳಲ್ಲಿ ಎರಡು ಕಂಪನಿಗಳು ಒಂದೇ ಮೆಣಸಿಗೆ ಬೆಲೆ ಏರಿಸುತ್ತ, ಒಬ್ಬ ಅರಸನ ಮೇಲೆ ಇನ್ನೊಬ್ಬ ಅರಸನನ್ನು ಎತ್ತಿಕಟ್ಟುತ್ತ ಕಳೆದವು. ಯುರೋಪಿನಲ್ಲಿ ಯುದ್ಧ ಆದಾಗಲೆಲ್ಲ ಇಲ್ಲಿ ಬಾವುಟ ಬದಲಾಯಿತು. ಹೊಳೆಗೆ ‘ಇಂಗ್ಲಿಷ್ ಕಾಲುವೆ’ ಎಂದು ಅಡ್ಡಹೆಸರು ಬಿದ್ದದ್ದು ಸುಮ್ಮನಲ್ಲ.

ಕೈ ಬದಲಿಸಿದ ಬಂದರು

*1761: ಇಂಗ್ಲಿಷರ ವಶ. 1763ರ ಪ್ಯಾರಿಸ್ ಒಪ್ಪಂದದಂತೆ 1765ರಲ್ಲಿ ಫ್ರೆಂಚರಿಗೆ ವಾಪಸ್.*
*1779: ಮತ್ತೆ ಇಂಗ್ಲಿಷರ ವಶ. 1783ರ ವರ್ಸೈ ಒಪ್ಪಂದದಂತೆ 1785ರಲ್ಲಿ ವಾಪಸ್.*
*1793: ಫ್ರೆಂಚ್ ಕ್ರಾಂತಿಯ ಯುದ್ಧದಲ್ಲಿ ಮತ್ತೊಮ್ಮೆ ಇಂಗ್ಲಿಷರ ವಶ. ನೆಪೋಲಿಯನ್ ಸೋತ ಮೇಲೆ 1817ರಲ್ಲಿ ವಾಪಸ್.*
*1954: ಭಾರತಕ್ಕೆ.*

ಹೈದರನ ಬಾಗಿಲು

ಕನ್ನಡ ನಾಡಿಗೆ ಮಾಹೆಯ ನಂಟು ಬೆಳೆದದ್ದು ಹೈದರಾಲಿಯ ಕಾಲಕ್ಕೆ. 1766ರಲ್ಲಿ ಅವನು ಮಲಬಾರನ್ನು ಗೆದ್ದ. ಮೈಸೂರಿಗೆ ಮಂಗಳೂರಿನಂಥ ದೊಡ್ಡ ಬಂದರು ಇತ್ತು ನಿಜ. ಆದರೆ ಯುರೋಪಿನ ಬಂದೂಕು, ಮದ್ದುಗುಂಡು, ಅವನ್ನು ಬಳಸಬಲ್ಲ ಕೈಗಳು ಬೇಕೆಂದರೆ ಯುರೋಪಿನವರ ಬಂದರೇ ಬೇಕು. ಇಂಗ್ಲಿಷರಂತೂ ಕೊಡುವವರಲ್ಲ. ಪಶ್ಚಿಮ ಕರಾವಳಿಯಲ್ಲಿ ಫ್ರೆಂಚರ ಕೈಲಿದ್ದ ಮುಖ್ಯ ನೆಲೆ ಮಾಹೆ. ಸರಕು ಅಲ್ಲಿ ಇಳಿದು, ಹೈದರನದೇ ಆದ ಮಲಬಾರನ್ನು ಹಾದು, ಘಟ್ಟ ಹತ್ತಿ ಶ್ರೀರಂಗಪಟ್ಟಣ ಸೇರುತ್ತಿತ್ತು.

1778ರಲ್ಲಿ ಫ್ರಾನ್ಸ್ ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಇಂಗ್ಲೆಂಡಿನ ವಿರುದ್ಧ ನಿಂತಿತು. ಸುದ್ದಿ ಮುಟ್ಟಿದ್ದೇ ತಡ, ಇಂಗ್ಲಿಷ್ ಕಂಪನಿ ಭಾರತದ ಫ್ರೆಂಚ್ ನೆಲೆಗಳನ್ನು ಒಂದೊಂದಾಗಿ ನುಂಗಿತು. ಚಂದ್ರನಗರ ಹೋಯಿತು, ಅಕ್ಟೋಬರಿನಲ್ಲಿ ಪುದುಚೇರಿಯೂ ಹೋಯಿತು. ಉಳಿದದ್ದು ಮಾಹೆ.

ಹೈದರ್ ಎಚ್ಚರಿಕೆ ಕೊಟ್ಟ: ಮಾಹೆ ತನ್ನ ರಕ್ಷಣೆಯಲ್ಲಿದೆ, ಮುಟ್ಟಿದರೆ ತಾನು ಇಂಗ್ಲಿಷರ ಪಕ್ಷದ ಆರ್ಕಾಟಿನ ಮೇಲೆ ಬೀಳುತ್ತೇನೆ. ಕಾವಲಿಗೆ ತನ್ನ ಕಡೆಯ ನಾಯರ್ ಪಡೆಗಳನ್ನೂ ಕಳಿಸಿದ. ಕೋಟೆಯ ಮೇಲೆ ಫ್ರೆಂಚ್ ಬಾವುಟದ ಜೊತೆಗೆ ಮೈಸೂರಿನ ಬಾವುಟವೂ ಹಾರಿತು. ಮದ್ರಾಸಿನ ಗವರ್ನರ್ ರಂಬೋಲ್ಡ್ ಲೆಕ್ಕಿಸಲಿಲ್ಲ. ಕರ್ನಲ್ ಬ್ರೇತ್‌ವೇಟ್ ದಂಡು ತಂದ. 1779ರ ಮಾರ್ಚ್ 19ರಂದು ಮಾಹೆ ಶರಣಾಯಿತು. ದೊಡ್ಡ ಹೋರಾಟವೇನೂ ನಡೆಯಲಿಲ್ಲ. ಅದೇ ವರ್ಷ ಇಂಗ್ಲಿಷರು ಕೋಟೆಯನ್ನೂ ಕೆಡವಿದರು. ಮಾಹೆಯಲ್ಲಿ ಇಂದು ನೋಡಲು ಕೋಟೆ ಇಲ್ಲದ್ದಕ್ಕೆ ಕಾರಣ ಈ ವೈರ.

ಆಮೇಲೆ ರಂಬೋಲ್ಡ್‌ಗೆ ಅಳುಕು ಹುಟ್ಟಿತೆಂದು ತೋರುತ್ತದೆ. ಹೈದರನ ಮನಸ್ಸು ಅರಿತು ಬರಲು ತಂಜಾವೂರಿನ ಜರ್ಮನ್ ಪಾದ್ರಿ ಶ್ವಾರ್ಟ್ಸ್ ಅವರನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಹೈದರ್ ಪಾದ್ರಿಯನ್ನು ಮರ್ಯಾದೆಯಿಂದಲೇ ನಡೆಸಿಕೊಂಡ, ಆದರೆ ಮನಸ್ಸು ಬದಲಿಸಲಿಲ್ಲ. 1780ರ ಜುಲೈನಲ್ಲಿ ಸುಮಾರು ಎಂಬತ್ತು ಸಾವಿರ ಸೈನ್ಯ ಘಟ್ಟ ಇಳಿದು ಆರ್ಕಾಟಿನ ಸುತ್ತಲ ಕರ್ನಾಟಿಕ್ ಸೀಮೆಗೆ ನುಗ್ಗಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ನೆಲಕಚ್ಚಿತು. ಇಂಗ್ಲಿಷರು ಭಾರತದಲ್ಲಿ ಅಲ್ಲಿಯ ತನಕ ಅಂಥ ಸೋಲು ಕಂಡಿರಲಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರ ಇಂದಿಗೂ ಇದೆ. ಶಾಲೆಯ ಪ್ರವಾಸಕ್ಕೆಂದು ಬಸ್ಸಿನಲ್ಲಿ ಹೋದವರೆಲ್ಲ ಅದರ ಮುಂದೆ ಸಾಲಾಗಿ ಹಾದುಹೋಗಿರುತ್ತಾರೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತ ಬೇಲಿ. ಇನ್ನೊಂದೆಡೆ ದುರ್ಬೀನು ಹಿಡಿದ ಫ್ರೆಂಚ್ ದಳಪತಿ ಲಾಲಿ. ಮಾಹೆ ಎಂಬ ಊರು ಆ ಚಿತ್ರದಲ್ಲಿಲ್ಲ. ಆದರೆ ಆ ಯುದ್ಧಕ್ಕೆ ಕಿಡಿ ಹತ್ತಿದ್ದು ಅಲ್ಲಿ.

ಮಾಹೆಯೊಂದೇ ಕಾರಣ ಎಂದರೆ ಅತಿಶಯವಾದೀತು. ಮರಾಠರ ದಾಳಿಯ ಹೊತ್ತಿಗೆ ಇಂಗ್ಲಿಷರು ಒಪ್ಪಂದದಂತೆ ನೆರವಿಗೆ ಬರಲಿಲ್ಲವೆಂಬ ಹಳೆಯ ಸಿಟ್ಟು ಹೈದರನಲ್ಲಿತ್ತು. ಬಂದರು ಹೋದದ್ದು ಆ ಸಿಟ್ಟಿಗೆ ನೆಪವೂ ಆಯಿತು, ನಿಜವಾದ ನಷ್ಟವೂ ಆಯಿತು.

ಇದೇ ವರ್ಷಗಳಲ್ಲಿ ಉತ್ತರದ ಕಡೆ ನಡೆದದ್ದನ್ನು ಜೊತೆಗಿಟ್ಟು ನೋಡಬೇಕು. 1778ರ ಹೊತ್ತಿಗೆ ಹೈದರ್ ಧಾರವಾಡದ ಕೋಟೆಯನ್ನು ಹಿಡಿದು, ತನ್ನ ಎಲ್ಲೆಯನ್ನು ಕೃಷ್ಣೆಯ ತನಕ ಚಾಚಿದ್ದ. ನರಗುಂದದಂಥ ಸಂಸ್ಥಾನಗಳು ಅವನಿಗೆ ಕಪ್ಪ ಕೊಡುತ್ತಿದ್ದವು. ಅಂದರೆ ಮಲಪ್ರಭೆಯ ದಂಡೆಯ ಮೇಲೂ ಮಯ್ಯಳಿ ಹೊಳೆಯ ದಂಡೆಯ ಮೇಲೂ ಆಗ ಒಬ್ಬನದೇ ಕೈ. ಯುದ್ಧ ಮುಗಿದು ಮಂಗಳೂರು ಒಪ್ಪಂದ ಆದದ್ದು 1784ರ ಮಾರ್ಚ್ 11ಕ್ಕೆ. ಅಲ್ಲಿಂದ ಬಿಡುವಾದ ಹೈದರನ ಮಗ ಟಿಪ್ಪುವಿನ ದಂಡು ಮರುವರ್ಷವೇ ಉತ್ತರಕ್ಕೆ ತಿರುಗಿತು. 1785ರಲ್ಲಿ ನರಗುಂದ, ರಾಮದುರ್ಗ, ಕಿತ್ತೂರುಗಳು ಅದರ ವಶವಾದವು. ಅದೇ 1785ರಲ್ಲಿ ಮಾಹೆ ಫ್ರೆಂಚರಿಗೆ ತಿರುಗಿ ಸಿಕ್ಕಿತು. ಕಿತ್ತೂರು ಎಂದರೆ ಚೆನ್ನಮ್ಮನ 1824 ಮಾತ್ರ ನೆನಪಾಗುವವರಿಗೆ ಈ ನಲವತ್ತು ವರ್ಷ ಹಿಂದಿನ ಅಧ್ಯಾಯ ಸಾಮಾನ್ಯವಾಗಿ ಓದಲು ಸಿಗುವುದಿಲ್ಲ.

ಕನ್ನಡ ನೆಲದ ಫ್ರೆಂಚ್ ಗುರುತುಗಳು

*ಮಂಡ್ಯ ಜಿಲ್ಲೆಯ ಪಾಂಡವಪುರದ ಮೊದಲ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಬೀಡುಬಿಟ್ಟಿದ್ದ ಅಲ್ಲಿನ ಬಂಡೆಗುಡ್ಡಗಳಿಂದಾಗಿ ಇಂಗ್ಲಿಷರು ಊರನ್ನು ‘ಫ್ರೆಂಚ್ ರಾಕ್ಸ್’ ಎಂದರು.*

*1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ತುಕಡಿ ಜೊತೆಗಿತ್ತು. ಯುರೋಪಿನಲ್ಲಿ ಸಂಧಿಯಾದ ಸುದ್ದಿ ಬಂದೊಡನೆ ನಡುವೆಯೇ ಕೈಬಿಟ್ಟಿತು.*

*1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ವರ್ಸೈ ಅರಮನೆಯಲ್ಲಿ 16ನೆಯ ಲೂಯಿಯನ್ನು ಕಂಡರು. ಮರುವರ್ಷ ಫ್ರೆಂಚ್ ಕ್ರಾಂತಿ.*

*ಮಾರಿಷಸ್ಸಿನಿಂದ ಹೊರಟ ಫ್ರೆಂಚ್ ಹಡಗು 1798ರ ಏಪ್ರಿಲ್‌ನಲ್ಲಿ ಮಂಗಳೂರಿಗೆ ಟಿಪ್ಪುವಿಗಾಗಿ ತಂದ ನೆರವು ಸುಮಾರು ನೂರು ಜನ. ಅದನ್ನೇ ನೆಪ ಮಾಡಿಕೊಂಡು ಗವರ್ನರ್ ಜನರಲ್ ವೆಲ್ಲೆಸ್ಲಿ ಕೊನೆಯ ಯುದ್ಧ ಹೂಡಿದ.*

ಕೋಟೆಯಿಲ್ಲದ ವಸಾಹತು

1817ರಲ್ಲಿ ಫ್ರೆಂಚರಿಗೆ ಮಾಹೆ ಮರಳಿ ಸಿಕ್ಕಾಗ ಅದಕ್ಕೆ ಹಳೆಯ ಬೆಲೆ ಇರಲಿಲ್ಲ. ಸುತ್ತಲಿನ ಮಲಬಾರೆಲ್ಲ ಇಂಗ್ಲಿಷರದು. ಮೆಣಸಿನ ವ್ಯಾಪಾರ ಕೈಬಿಟ್ಟಿತ್ತು, ಸೈನ್ಯ ಇಟ್ಟುಕೊಳ್ಳುವಂತಿರಲಿಲ್ಲ. ಮುಂದಿನ ನೂರಮೂವತ್ತು ವರ್ಷ ಮಾಹೆ ಒಬ್ಬ ಆಡಳಿತಾಧಿಕಾರಿಯ, ಒಂದು ಕಚೇರಿಯ, ಒಂದೆರಡು ಶಾಲೆಗಳ ವಸಾಹತಾಗಿ ಉಳಿಯಿತು.

ಆದರೂ ಹೊಳೆಯ ಆ ದಂಡೆಯವರಿಗೆ ಇಲ್ಲದ ಒಂದು ಹಕ್ಕು ಈ ದಂಡೆಯವರಿಗಿತ್ತು. ಫ್ರೆಂಚ್ ಭಾರತದಿಂದ ಪ್ಯಾರಿಸ್ಸಿನ ಸಂಸತ್ತಿಗೆ ಒಬ್ಬ ಪ್ರತಿನಿಧಿ ಆರಿಸಿ ಹೋಗುತ್ತಿದ್ದ. ಬ್ರಿಟಿಷ್ ಭಾರತದ ಪ್ರಜೆಗೆ ಲಂಡನ್ನಿನಲ್ಲಿ ಅಂಥ ಸ್ಥಾನ ಎಂದೂ ಸಿಗಲಿಲ್ಲ. 1881ರಲ್ಲಿ ಬಂದ ಒಂದು ಕಾನೂನು ತಮ್ಮ ಜಾತಿ-ಧರ್ಮದ ಕಟ್ಟಳೆಗಳನ್ನು ತೊರೆದು ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಲು ಭಾರತೀಯರಿಗೂ ದಾರಿ ಮಾಡಿತು. ಹಾಗೆ ಮಾಡಿದವರಿಗೆ ‘ರೆನೋನ್ಸಾಂ’ ಎಂದು ಹೆಸರು. ಫ್ರೆಂಚ್ ಓದಿದ ಹುಡುಗರು ಸೈಗಾನಿಗೆ, ಹನೋಯಿಗೆ ಗುಮಾಸ್ತರಾಗಿ, ಸಿಪಾಯಿಗಳಾಗಿ ಹೋದರು. ವಯಸ್ಸಾದ ಮೇಲೆ ಪಿಂಚಣಿಯೊಂದಿಗೆ ಊರಿಗೆ ಬಂದರು. ಫ್ರಾನ್ಸಿನಿಂದ ಪಿಂಚಣಿ ಬರುವ ಮನೆ ಎನ್ನುವುದು ಮಾಹೆಯಲ್ಲಿ ಬಹುಕಾಲ ಒಂದು ಅಂತಸ್ತಿನ ಗುರುತಾಗಿತ್ತು.

ಈ ಎರಡು ಮನಸ್ಸಿನ ಊರನ್ನು ಸಾಹಿತ್ಯಕ್ಕೆ ತಂದವರು ಎಂ. ಮುಕುಂದನ್. ಹುಟ್ಟಿದ್ದು ಮಾಹೆಯಲ್ಲಿ, ದೀರ್ಘಕಾಲ ದುಡಿದದ್ದು ದೆಹಲಿಯ ಫ್ರೆಂಚ್ ರಾಯಭಾರ ಕಚೇರಿಯಲ್ಲಿ. ಅವರ ‘ಮಯ್ಯಳಿ ಹೊಳೆಯ ದಡದಲ್ಲಿ’ ಎಂಬ ಅರ್ಥದ ಮಲಯಾಳ ಕಾದಂಬರಿ 1974ರಲ್ಲಿ ಬಂತು. ಬಿಳಿಯರು ಹೋಗುತ್ತಾರೆಂದು ಸಂತೋಷಪಡುವ ಯುವಕರೂ, ಅವರು ಹೋದರೆ ಊರೇ ಬಡವಾಯಿತೆಂದು ಕೊರಗುವ ಮುದುಕಿಯರೂ ಒಂದೇ ಬೀದಿಯಲ್ಲಿರುವ ಕಥೆಯದು. ಕಡಲಿನ ನಡುವೆ ಕಾಣುವ ವೆಳ್ಳಿಯಾಂಕಲ್ಲು ಎಂಬ ಬಂಡೆಯ ಮೇಲೆ, ಹುಟ್ಟಲಿರುವ ಮತ್ತು ಸತ್ತ ಮಾಹೆಯವರ ಜೀವಗಳು ಏರೋಪ್ಲೇನ್ ಚಿಟ್ಟೆಗಳಾಗಿ ಹಾರುತ್ತವೆಂಬ ಕಲ್ಪನೆ ಆ ಕಾದಂಬರಿಯಿಂದ ಮಲಯಾಳಿಗಳ ಮನಸ್ಸಿನಲ್ಲಿ ಕೂತಿದೆ. ಮಾಹೆಗೆ ಬರುವ ಕೇರಳದ ಓದುಗರು ಮೊದಲು ಹುಡುಕುವುದು ಆ ಬಂಡೆಯನ್ನೇ. ಫ್ರೆಂಚ್ ಸರ್ಕಾರ 1998ರಲ್ಲಿ ಮುಕುಂದನ್ ಅವರಿಗೆ ‘ಶೆವಲಿಯೆ’ ಗೌರವ ಕೊಟ್ಟಿತು.

ಮೇಷ್ಟ್ರ ಕೈಗೆ ಬಂದ ಊರು

ಬಿಡುಗಡೆಯ ಕಥೆಯ ನಾಯಕ ಐ.ಕೆ. ಕುಮಾರನ್, ಊರವರ ಬಾಯಲ್ಲಿ ಕುಮಾರನ್ ಮಾಸ್ಟರ್. 1934ರ ಜನವರಿಯಲ್ಲಿ ಗಾಂಧೀಜಿ ಮಾಹೆಗೆ ಬಂದುಹೋದರು. 1938ರಲ್ಲಿ ಹೋರಾಟದ ಸಂಘಟನೆ ಮಹಾಜನ ಸಭಾ ಹುಟ್ಟಿತು. 1947ರ ಆಗಸ್ಟ್ 15ಕ್ಕೆ ಹೊಳೆಯ ಆ ದಂಡೆಯಲ್ಲಿ ತ್ರಿವರ್ಣ ಏರಿತು, ಈ ದಂಡೆಯಲ್ಲಿ ಫ್ರಾನ್ಸಿನ ತ್ರಿವರ್ಣವೇ ಉಳಿಯಿತು.

1948ರ ಅಕ್ಟೋಬರಿನಲ್ಲಿ ಚುನಾವಣೆಯ ಗಲಾಟೆ ದಂಗೆಯಾಯಿತು. ಜನ ಆಡಳಿತ ಕಚೇರಿಗೆ ನುಗ್ಗಿ ಕೆಲವು ದಿನ ಊರನ್ನು ತಮ್ಮ ಕೈಲಿಟ್ಟುಕೊಂಡರು. ಫ್ರೆಂಚ್ ಯುದ್ಧನೌಕೆ ಬಂದು ನಿಂತ ಮೇಲೆ ಹೋರಾಟಗಾರರು ಸೇತುವೆ ದಾಟಿ ಭಾರತದ ಕಡೆ ಸರಿದರು. ಮತ್ತೆ ಆರು ವರ್ಷ ಕಾಯಬೇಕಾಯಿತು. 1954ರ ಏಪ್ರಿಲ್‌ನಲ್ಲಿ ಚೆರುಕಲ್ಲಾಯಿಯ ಫ್ರೆಂಚ್ ಠಾಣ್ಯವನ್ನು ಹಿಡಿಯುವಾಗ ಗುಂಡಿಗೆ ಬಲಿಯಾದವರು ಎಂ. ಅಚ್ಯುತನ್ ಮತ್ತು ಪಿ.ಪಿ. ಅನಂತನ್. ಜುಲೈ 14, ಫ್ರಾನ್ಸಿನ ರಾಷ್ಟ್ರೀಯ ದಿನ; ಅಂದೇ ಕುಮಾರನ್ ಮಾಸ್ಟರ್ ನೇತೃತ್ವದಲ್ಲಿ ಜನ ಮಾಹೆಯತ್ತ ಮೆರವಣಿಗೆ ಹೊರಟರು. ಎರಡೇ ದಿನದಲ್ಲಿ, 1954ರ ಜುಲೈ 16ರಂದು, ಫ್ರೆಂಚ್ ಆಡಳಿತಾಧಿಕಾರಿ ದೆಶಾಂ ಅಧಿಕಾರವನ್ನು ಮಾಸ್ಟರ್ ಕೈಗಿಟ್ಟು ಹಡಗು ಹತ್ತಿದ.

ಗೋವಾದ ಬಿಡುಗಡೆಗೆ ಬೆಳಗಾವಿಯೇ ತಂಗುದಾಣವಾಗಿದ್ದ ಕಾಲವದು. 1955ರಲ್ಲಿ ಸತ್ಯಾಗ್ರಹಿಗಳು ಬೆಳಗಾವಿ ಮೂಲಕ ಗೋವಾ ಗಡಿಗೆ ಹೋಗಿ ಪೋರ್ಚುಗೀಸರ ಗುಂಡು ತಿಂದರು. 1961ರಲ್ಲಿ ಸೈನ್ಯ ಕಳಿಸದೆ ಗತ್ಯಂತರ ಇರಲಿಲ್ಲ. ಫ್ರೆಂಚರು ಮಾತುಕತೆಯಲ್ಲಿ ಜಾಗ ಖಾಲಿ ಮಾಡಿದರು. ಆದ್ದರಿಂದಲೇ ಅವರ ಕೆಲವು ಷರತ್ತುಗಳೂ ಉಳಿದುಕೊಂಡವು. 1962ರ ಆಗಸ್ಟ್ 16ಕ್ಕೆ ಕಾನೂನಿನ ಪ್ರಕಾರ ಹಸ್ತಾಂತರವಾದಾಗ ಫ್ರೆಂಚ್ ಪೌರತ್ವ ಉಳಿಸಿಕೊಳ್ಳಬಯಸುವವರಿಗೆ ಅವಕಾಶ ಸಿಕ್ಕಿತು. ಮಾಹೆಯನ್ನು ಮಲಯಾಳ ನಾಡಿಗೆ ಸೇರಿಸುವ ಬದಲು, ದೂರದ ಪುದುಚೇರಿಯ ಜೊತೆಗೇ ಒಂದು ಘಟಕವಾಗಿ ಇಡಲಾಯಿತು. 1963ರಲ್ಲಿ ಪುದುಚೇರಿ, ಕಾರೈಕಲ್, ಮಾಹೆ, ಯಾಣಂ ಈ ನಾಲ್ಕೂ ಸೇರಿ ಕೇಂದ್ರಾಡಳಿತ ಪ್ರದೇಶ. ತಮಿಳು, ಮಲಯಾಳ, ತೆಲುಗು ಮೂರು ಭಾಷೆಗಳ, ಮೂರು ರಾಜ್ಯಗಳ ಮಗ್ಗುಲಿನ ಈ ವಿಚಿತ್ರ ಕೂಟವನ್ನು ಇಂದಿಗೂ ಒಂದಾಗಿ ಹಿಡಿದಿರುವುದು ಫ್ರಾನ್ಸಿನ ನೆನಪೊಂದೇ.

ಅರ್ಧ ದಿನದ ನಡಿಗೆ

ಮಾಹೆ ಪೇಟೆಯನ್ನು ನಡೆದೇ ನೋಡಬೇಕು, ನಡೆದೇ ನೋಡಬಹುದು. ಬೆಸಿಲಿಕಾದಿಂದ ಹೊಳೆಯ ಕಡೆಗೆ ಹೊರಟರೆ ಟ್ಯಾಗೋರ್ ಪಾರ್ಕ್ ಸಿಗುತ್ತದೆ. ಹೊಳೆ ಕಡಲಿಗೆ ಬೀಳುವ ಜಾಗವದು. ಅಲ್ಲಿ ಒಂದು ಹೆಣ್ಣಿನ ಮೂರ್ತಿಯಿದೆ. ಫ್ರೆಂಚ್ ಗಣರಾಜ್ಯದ ಸಂಕೇತ ಮರಿಯಾನ್, ಕ್ರಾಂತಿಯ ನೆನಪಿಗೆಂದು ಇಟ್ಟದ್ದು. ರಾಣಿ ವಿಕ್ಟೋರಿಯಾಳ ಮೂರ್ತಿಗಳು ಊರೂರಿಂದ ಮ್ಯೂಸಿಯಮ್ಮಿಗೆ ಹೋದವು. ಮರಿಯಾನ್‌ಗೆ ಆ ಗತಿ ಬರಲಿಲ್ಲ. ಆಕೆ ರಾಣಿಯಲ್ಲ, ರಾಜರನ್ನು ಇಳಿಸಿದ ಕ್ರಾಂತಿಯ ಗುರುತು ಎಂಬುದೂ ಅದಕ್ಕೆ ಕಾರಣವಿದ್ದೀತು.

ಪಾರ್ಕಿನ ಮಗ್ಗುಲಿಗೆ, ಹೊಳೆಗೆ ಮುಖ ಮಾಡಿ, ಹಳೆಯ ಸರ್ಕಾರಿ ಭವನ. ಫ್ರೆಂಚ್ ಆಡಳಿತಾಧಿಕಾರಿ ಕೂತು ಆಳುತ್ತಿದ್ದ ಈ ತಾಣ ಈಗ ಮಾಹೆಯ ಪ್ರಾದೇಶಿಕ ಆಡಳಿತಾಧಿಕಾರಿಯ ಸುಪರ್ದಿನಲ್ಲಿದೆ. ಅಲ್ಲಿಂದ ಮೂಪ್ಪನ್ ಕುನ್ನು ಎಂಬ ಗುಡ್ಡ ಹತ್ತಿದರೆ ಹಳೆಯ ದೀಪಸ್ತಂಭದ ಜಾಗ. ಹೊಳೆ, ಅಳಿವೆ, ಕಡಲು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಊರಿನ ಅತಿ ಒಳ್ಳೆಯ ನೋಟ ಇದೇ, ಸಂಜೆ ಐದರ ಮೇಲೆ.

ಅಳಿವೆಯಲ್ಲಿ ಅಲೆಗೆ ಅಡ್ಡಲಾಗಿ ಕಲ್ಲು ಪೇರಿಸಿದ ತಡೆಗೋಡೆ ಕಡಲಿನೊಳಕ್ಕೆ ಚಾಚಿದೆ. ಅದರ ನೆರಳಿನಲ್ಲಿ ಮೀನುಗಾರರ ದೋಣಿಗಳು. ಮಾಹೆಯ ಬಂದರು ಎಂದರೆ ಈಗ ಇಷ್ಟೇ. ಮುನ್ನೂರು ವರ್ಷದ ಹಿಂದೆ ಸಾಮ್ರಾಜ್ಯಗಳು ಬಡಿದಾಡಿದ ಹೊಳೆಬಾಯಿಯಲ್ಲಿ ದೊಡ್ಡ ಹಡಗು ಹೊಗುವಷ್ಟು ಆಳವೂ ಇಲ್ಲ. ಆಗಲೂ ಹಡಗುಗಳು ದೂರದಲ್ಲಿ ಲಂಗರು ಹಾಕಿ, ಸರಕು ಇಳಿಸುತ್ತಿದ್ದುದು ಚಿಕ್ಕ ದೋಣಿಗಳಿಗೆ.

ಪೇಟೆಯೊಳಗಿನ ಪುತ್ತಲಂ ದೇವಸ್ಥಾನದಲ್ಲಿ ತೆಯ್ಯಂ ಕಟ್ಟುತ್ತಾರೆ. ತುಳುನಾಡಿನ ಭೂತಕೋಲ ಕಂಡವರಿಗೆ ಅದು ಅಪರಿಚಿತವೆನಿಸದು. ಊಟಕ್ಕೆ ತಲಶ್ಶೇರಿಯ ಬಿರಿಯಾನಿಯೇ ಇಲ್ಲಿಯದೂ: ಬಾಸುಮತಿಯಲ್ಲ, ಜೀರಿಗೆಯಷ್ಟು ಸಣ್ಣ ಕಾಳಿನ ಕೈಮ ಅಕ್ಕಿ. ಕಡಲ ತಿನಿಸು ಒಗ್ಗುವವರಿಗೆ ಕಲ್ಲುಮ್ಮಕ್ಕಾಯ, ಅಂದರೆ ಕಡಲಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ. ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ ಬೇಯಿಸಿ ಕರಿಯುತ್ತಾರೆ. ಫ್ರೆಂಚ್ ತಿನಿಸು ಹುಡುಕಬೇಡಿ. ಶುದ್ಧ ಸಸ್ಯಾಹಾರಿಗಳು ತಲಶ್ಶೇರಿಯಲ್ಲೇ ಉಂಡು ಬರುವುದು ಮೇಲು. ಜೋಳದ ರೊಟ್ಟಿಯನ್ನಂತೂ ಬುತ್ತಿಯಲ್ಲೇ ಕಟ್ಟಿಕೊಂಡು ಹೊರಡಬೇಕು.

ಬಾಟಲಿ ಮತ್ತು ಬಂಕು

ಕೇರಳದ ಲಾರಿ ಚಾಲಕರಿಗೆ ಮಾಹೆ ಎಂದರೆ ಹೈದರನೂ ಅಲ್ಲ, ಮುಕುಂದನ್ನರೂ ಅಲ್ಲ. ತೆರಿಗೆ ಕಡಿಮೆ ಇರುವುದರಿಂದ ಇಲ್ಲಿ ಪೆಟ್ರೋಲ್, ಡೀಸೆಲ್, ಮದ್ಯ ಅಗ್ಗ. ಒಂದು ಕಿಲೋಮೀಟರ್ ಉದ್ದದ ಪೇಟೆಬೀದಿಯಲ್ಲಿ ಸಾಲುಸಾಲು ಮದ್ಯದಂಗಡಿಗಳು. ಪಕ್ಕದಲ್ಲೇ ಬಂಕುಗಳ ಮುಂದೆ ವಾಹನಗಳ ಸರತಿ. ಹೆದ್ದಾರಿಯ ಮಗ್ಗುಲಲ್ಲಿ ಮದ್ಯ ಮಾರಬಾರದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಇಡೀ ಊರಿಗೆ ಏಟು ಬಿದ್ದಂತಾಯಿತು. ಊರೇ ಹೆದ್ದಾರಿಯ ಮಗ್ಗುಲಲ್ಲಿದ್ದರೆ ಅಂಗಡಿಗಳು ಹೋಗುವುದಾದರೂ ಎಲ್ಲಿಗೆ?

2024ರ ಮಾರ್ಚ್ 11ರಂದು ತಲಶ್ಶೇರಿ–ಮಾಹೆ ಬೈಪಾಸ್ ಉದ್ಘಾಟನೆಯಾಯಿತು. ಮುಳಪ್ಪಿಲಂಗಾಡಿನಿಂದ ಅಳಿಯೂರಿನ ತನಕ 18.6 ಕಿಲೋಮೀಟರಿನ ಷಟ್ಪಥ. ತಲಶ್ಶೇರಿಯ ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುತ್ತಿದ್ದ ದೂರಪ್ರಯಾಣದ ವಾಹನಗಳು ಈಗ ಮಾಹೆ ಪೇಟೆಯನ್ನು ನೋಡದೆಯೇ ದಾಟಿಹೋಗುತ್ತವೆ. ಇದು ವ್ಯಾಪಾರಿಗಳಿಗೆ ನಷ್ಟ, ನಡೆದು ಊರು ನೋಡುವವರಿಗೆ ಲಾಭ.

ಹೋಗುವುದು ಹೇಗೆ?

*ಸವದತ್ತಿಗೆ ಹತ್ತಿರದ ರೈಲು ನಿಲ್ದಾಣ ಧಾರವಾಡ. ರಸ್ತೆಯಲ್ಲಾದರೆ ಧಾರವಾಡ, ಹುಬ್ಬಳ್ಳಿ, ಅಂಕೋಲಾ, ಅಲ್ಲಿಂದ ಕರಾವಳಿ ಹೆದ್ದಾರಿ ಹಿಡಿದು ಮಂಗಳೂರು. ಹುಬ್ಬಳ್ಳಿಯಿಂದ ಮಂಗಳೂರಿಗೆ ರಾತ್ರಿ ಬಸ್ಸುಗಳಿವೆ.*

*ಮಂಗಳೂರಿನಿಂದ ಮಾಹೆಗೆ ಸುಮಾರು 160 ಕಿಲೋಮೀಟರ್. ಕೋಯಿಕ್ಕೋಡ್ ಕಡೆಗಿನ ರೈಲು ಹತ್ತಬೇಕು. ಮಾಹೆ ನಿಲ್ದಾಣದಲ್ಲಿ ನಿಲ್ಲುವ ರೈಲು ಕಡಿಮೆ. ತಲಶ್ಶೇರಿಯಲ್ಲಿ ಇಳಿದು ಬಸ್ಸು ಅಥವಾ ಆಟೊ ಹಿಡಿಯುವುದು ಸಲೀಸು.*

*ಜಾತ್ರೆಯ ದಿನಗಳಲ್ಲಿ, ಅದರಲ್ಲೂ ಅಕ್ಟೋಬರ್ 14 ಮತ್ತು 15ರಂದು, ಮಾಹೆಯಲ್ಲಿ ಕೋಣೆ ಸಿಗುವುದು ಕಷ್ಟ. ತಲಶ್ಶೇರಿ ಅಥವಾ ಕಣ್ಣೂರಿನಲ್ಲಿ ತಂಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು, ಕಡಲು ಒರಟು.*

*ಮಾಹೆಯ ಮದ್ಯವನ್ನು ಪರವಾನಗಿಯಿಲ್ಲದೆ ಕೇರಳದೊಳಕ್ಕೆ ಒಯ್ದರೆ ಅಬಕಾರಿ ಕೇಸು. ತಿರುಗಿ ಬರುವ ದಾರಿಯೆಲ್ಲ ಕೇರಳವೇ.*

ದಾರಿಯಲ್ಲಿ ಸಿಗುವವು

ಮಾಹೆಗೆ ಅರ್ಧ ದಿನ ಸಾಕು. ಉಳಿದ ಹೊತ್ತನ್ನು ದಾರಿಗೆ ಇಡಬೇಕು. ತಲಶ್ಶೇರಿಯ ಇಂಗ್ಲಿಷ್ ಕೋಟೆ ಸಮುದ್ರದ ಅಂಚಿನಲ್ಲಿ ಈಗಲೂ ಗಟ್ಟಿಯಾಗಿದೆ. ಹೊಳೆಯಾಚೆಯ ಕೋಟೆಯನ್ನು ಕೆಡವಿದವರ ಮನೆ ಹೇಗಿತ್ತೆಂದು ಅಲ್ಲಿ ನೋಡಬಹುದು. ಅದೇ ಊರಿನ ಇಲ್ಲಿಕ್ಕುನ್ನಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಬಂಗಲೆ. 1847ರಲ್ಲಿ ಮಲಯಾಳದ ಮೊದಲ ಪತ್ರಿಕೆ ‘ರಾಜ್ಯಸಮಾಚಾರಂ’ ಅಲ್ಲಿಂದ ಹೊರಟಿತು. ನಾಲ್ಕು ವರ್ಷ ಮೊದಲು, 1843ರಲ್ಲಿ, ಅದೇ ಮಿಷನ್ನಿನ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದಿದ್ದರು. ಧಾರವಾಡದ ಬಾಸೆಲ್ ಮಿಷನ್ ಶಾಲೆಗಳಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ.

ಇನ್ನೂ ಉತ್ತರಕ್ಕೆ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ, ಹದಿನೇಳನೆಯ ಶತಮಾನದ ನಡುವಿನಲ್ಲಿ. ಅವನ ನಂತರ ಹೈದರ್, ಟಿಪ್ಪು, ಕೊನೆಗೆ ಇಂಗ್ಲಿಷ್ ಕಂಪನಿ ಅಲ್ಲಿ ಕೂತು ಆಳಿದರು. ಮಾಹೆಯಲ್ಲಿ ಓದಿ ಕೇಳಿ ಊಹಿಸಬೇಕಾದದ್ದು ಇಲ್ಲಿ ಕಣ್ಣೆದುರಿಗೇ ಇದೆ: ಕಡಲಿಗೆ ಮುಖ ಮಾಡಿದ ಬತೇರಿ, ಗುಂಡಿಕಂಡಿ, ಮದ್ದಿನ ಮನೆ. ಬೇಕಲ ಬಿಟ್ಟರೆ ಕಾಸರಗೋಡು ಪೇಟೆ, ಅಲ್ಲಿಂದ ಅಂಗಡಿಗಳ ಫಲಕಗಳಲ್ಲಿ ಕನ್ನಡ ಕಾಣಿಸತೊಡಗುತ್ತದೆ. ಮಂಗಳೂರಿಗೆ ಒಂದು ತಾಸಿನ ಹಾದಿ ಉಳಿದಿರುತ್ತದೆ.